ಗ್ರೀಕ್, ರೋಮನ್ ಕಟ್ಟಡ ಮತ್ತು ಶಿಲ್ಪದ ಪದಗಳು: ಬುಡದಿಂದ ನೆತ್ತಿಯವರೆಗೆ ಓದುವ ಬಗೆ

ಗ್ರೀಕ್ ಮತ್ತು ರೋಮನ್ ಕಲೆಯ ಬಗ್ಗೆ ಪುಸ್ತಕ ತೆಗೆದರೆ ಕೊನೆಯಲ್ಲಿ ಪದಗಳ ಪಟ್ಟಿ ಇದ್ದೇ ಇರುತ್ತದೆ. ಅಬಾಕಸ್‌ನಿಂದ ಶುರುವಾಗಿ ವೊಲ್ಯೂಟ್‌ವರೆಗೆ. ಅದನ್ನು ಬಾಯಿಪಾಠ ಮಾಡಲು ಕೂತವರು ಮಾರನೆಯ ದಿನ ಅರ್ಧ ಮರೆತಿರುತ್ತಾರೆ. ಮರೆಯದೆ ಏನು ಮಾಡುತ್ತಾರೆ? ಅಬಾಕಸ್ ಇರುವುದು ಕಂಬದ ನೆತ್ತಿಯಲ್ಲಿ. ಪಟ್ಟಿಯಲ್ಲಿ ಅದರ ಹತ್ತಿರವೇ ಬರುವ ಅಗೋರಾ ಇರುವುದು ಊರಿನ ನಡುವೆ. ಅಕ್ಷರಮಾಲೆಯಲ್ಲಿ ನೆರೆಹೊರೆ, ಕಟ್ಟಡದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ.

ಇಲ್ಲಿ ಬೇರೆ ದಾರಿ ಹಿಡಿಯೋಣ. ಕಟ್ಟಡವನ್ನು ನೆಲದಿಂದ ಮೇಲಕ್ಕೆ ನೋಡುತ್ತಾ ಹೋಗಿ, ಸಿಕ್ಕ ಪ್ರತಿ ಭಾಗಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಭಾರ ಹೊತ್ತಿದೆಯಾ, ಇಲ್ಲಾ ಸುಮ್ನೆ ನಿಂತಿದೆಯಾ? ಗ್ರೀಕರ ಕಟ್ಟಡಕ್ಕೂ ರೋಮನ್ನರ ಕಟ್ಟಡಕ್ಕೂ ಇರುವ ದೊಡ್ಡ ವ್ಯತ್ಯಾಸ ಈ ಪ್ರಶ್ನೆಯಲ್ಲೇ ಇದೆ. ಭಾಗದ ಕೆಲಸ ಗೊತ್ತಾದರೆ ಹೆಸರು ತಾನಾಗಿಯೇ ಅಂಟಿಕೊಳ್ಳುತ್ತದೆ.

ಬೇಕಾಗುವುದು ಇಷ್ಟೇ. ಅಥೆನ್ಸ್‌ನ ಪಾರ್ಥೆನಾನ್, ರೋಮ್‌ನ ಕೊಲೋಸಿಯಮ್ ಮತ್ತು ಪ್ಯಾಂಥಿಯನ್, ಈ ಮೂರರ ದೊಡ್ಡ ಫೋಟೊಗಳು. ಒಂದು ಹಾಳೆ, ಒಂದು ಪೆನ್ಸಿಲ್. ಚಿತ್ರ ಚೆಂದ ಬರಬೇಕಿಲ್ಲ. ಆದರೆ ಕೈಯಲ್ಲಿ ಬರೆದೇ ಬರೆಯಿರಿ. ಬರಿ ಕಣ್ಣಲ್ಲಿ ನೋಡಿದ್ದು ನಿಲ್ಲುವುದಿಲ್ಲ.

ಹೆಜ್ಜೆ 1: ಕಾಲದ ನಾಲ್ಕು ಗೂಟ ಹೊಡೆಯಿರಿ

ಹಾಳೆಯ ಮೇಲ್ಭಾಗದಲ್ಲಿ ಒಂದು ಅಡ್ಡಗೆರೆ ಎಳೆದು ಹೀಗೆ ಗುರುತು ಮಾಡಿ. ಜ್ಯಾಮಿತೀಯ ಕಾಲ, ಸುಮಾರು ಕ್ರಿ.ಪೂ. 900ರಿಂದ 700. ಆರ್ಕೇಯಿಕ್ ಕಾಲ, ಅಲ್ಲಿಂದ ಕ್ರಿ.ಪೂ. 480ರವರೆಗೆ. ಕ್ಲಾಸಿಕಲ್ ಕಾಲ, 480ರಿಂದ 323. ಹೆಲೆನಿಸ್ಟಿಕ್ ಕಾಲ, 323ರಿಂದ 31. 480 ಅಂದರೆ ಪರ್ಷಿಯನ್ನರು ಅಥೆನ್ಸ್‌ಗೆ ಬೆಂಕಿ ಇಟ್ಟ ವರ್ಷ. 323 ಅಲೆಕ್ಸಾಂಡರ್ ಸತ್ತ ವರ್ಷ. 31 ಆಕ್ಟಿಯಮ್ ಯುದ್ಧ, ಕ್ಲಿಯೋಪಾತ್ರ ಸೋತದ್ದು.

ರೋಮ್‌ಗೆ ಎರಡೇ ಗೂಟ ಸಾಕು. ಕ್ರಿ.ಪೂ. 27ರವರೆಗೆ ಗಣರಾಜ್ಯ, ಆಮೇಲೆ ಸಾಮ್ರಾಜ್ಯ.

ಶೈಲಿ ಒಂದೇ ದಿನದಲ್ಲಿ ಬದಲಾಗುವುದಿಲ್ಲ, ಆದ್ದರಿಂದ ಈ ಗಡಿಗಳನ್ನು ತೀರಾ ಗಟ್ಟಿಯಾಗಿ ಹಿಡಿಯಬೇಡಿ. ಒಂದು ವಸ್ತು ಮುಂದೆ ಬಂದಾಗ ಗೆರೆಯ ಮೇಲೆ ಎಲ್ಲಿ ಇಡಬೇಕು ಅನ್ನುವ ಅಂದಾಜು ಬಂದರೆ ಸಾಕು.

ಹೆಜ್ಜೆ 2: ದೇವಸ್ಥಾನದ ನೆಲನಕ್ಷೆ

ಮೊದಲು ಒಂದು ವಿಷಯ ತಲೆಯಲ್ಲಿ ಇರಲಿ. ಗ್ರೀಕ್ ದೇವಸ್ಥಾನದೊಳಗೆ ಜನ ಸೇರಿ ಪೂಜೆ ಮಾಡುತ್ತಿರಲಿಲ್ಲ. ಬಲಿಪೀಠ ಇದ್ದದ್ದು ಹೊರಗೆ, ಸಾಮಾನ್ಯವಾಗಿ ಪೂರ್ವದ ಬಾಗಿಲಿನ ಎದುರಿಗೆ. ಒಳಗಿದ್ದದ್ದು ದೇವರ ಮೂರ್ತಿ ಮತ್ತು ಕಾಣಿಕೆಗಳು. ಕಟ್ಟಡವನ್ನು ಹೊರಗಿನಿಂದ ನೋಡಲೆಂದೇ ಕಟ್ಟಿದ್ದು. ಹಾಗಾಗಿಯೇ ಕಂಬಗಳೂ ಶಿಲ್ಪಗಳೂ ಹೆಚ್ಚಾಗಿ ಹೊರಮುಖದಲ್ಲಿವೆ.

ಒಂದು ಉದ್ದನೆಯ ಆಯತ ಬರೆಯಿರಿ. ಅದರೊಳಗೆ ಇನ್ನೊಂದು ಚಿಕ್ಕ ಆಯತ. ಒಳಗಿನ ಗೋಡೆಯಿರುವ ಕೋಣೆಗೆ ಗ್ರೀಕರು ನಾವೋಸ್ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಅದೇ ಸೆಲ್ಲಾ. ಅದರ ಮುಂದಿನ ಮೊಗಸಾಲೆ ಪ್ರೊನಾವೋಸ್. ಹಿಂದೆಯೂ ಅಂಥದ್ದೇ ಒಂದು ಮೊಗಸಾಲೆ ಇರುತ್ತದೆ, ಅದು ಒಪಿಸ್ತೊಡೋಮೋಸ್. ಅಲ್ಲಿಂದ ಒಳಕ್ಕೆ ದಾರಿ ಇರುವುದು ಅಪರೂಪ. ಎರಡೂ ಕಡೆ ಒಂದೇ ರೀತಿ ಕಾಣಲಿ ಎಂಬುದೇ ಅದರ ಮುಖ್ಯ ಕೆಲಸ. ಸುತ್ತಲೂ ಇರುವ ಕಂಬಗಳ ಸಾಲು ಪೆರಿಸ್ಟೈಲ್. ನಾಲ್ಕೂ ಕಡೆ ಕಂಬಸಾಲು ಇದ್ದರೆ ಅದು ಪೆರಿಪ್ಟರಲ್ ದೇವಸ್ಥಾನ. ಸಾಲು ಎರಡು ಪದರ ಇದ್ದರೆ ಡಿಪ್ಟರಲ್. ಮುಂದುಗಡೆ ಮಾತ್ರ ಕಂಬಗಳಿದ್ದರೆ ಪ್ರೊಸ್ಟೈಲ್.

ಈಗ ಮುಂಭಾಗದ ಕಂಬ ಎಣಿಸಿ. ಆರಿದ್ದರೆ ಹೆಕ್ಸಾಸ್ಟೈಲ್, ಎಂಟಿದ್ದರೆ ಆಕ್ಟಾಸ್ಟೈಲ್. ಪಕ್ಕದ ಸಾಲನ್ನೂ ಎಣಿಸಿ, ಮೂಲೆಯ ಕಂಬವನ್ನು ಎರಡೂ ಸಲ ಸೇರಿಸಿ. ಪಾರ್ಥೆನಾನ್‌ನಲ್ಲಿ 8 ಮತ್ತು 17. ಅಥೆನ್ಸ್‌ನಲ್ಲೇ ಇರುವ ಹೆಫೈಸ್ಟೋಸ್ ದೇವಸ್ಥಾನದಲ್ಲಿ 6 ಮತ್ತು 13. ಮುಂದಿನ ಸಂಖ್ಯೆಯ ಎರಡರಷ್ಟಕ್ಕೆ ಒಂದು ಸೇರಿಸಿದರೆ ಪಕ್ಕದ ಸಂಖ್ಯೆ. ಇದು ಕ್ಲಾಸಿಕಲ್ ಕಾಲದ ಅಚ್ಚುಮೆಚ್ಚಿನ ಲೆಕ್ಕ, ಎಲ್ಲ ಕಡೆ ನಡೆಯುವುದಿಲ್ಲ. ಇಟಲಿಯ ಪೇಸ್ಟಮ್‌ನಲ್ಲಿರುವ ಹೇರಾ ದೇವತೆಯ ಹಳೆಯ ದೇವಸ್ಥಾನದ ಮುಂದೆ 9 ಕಂಬ, ಪಕ್ಕದಲ್ಲಿ 18. ಒಂಬತ್ತು ಅಂದರೆ ನಟ್ಟನಡುವೆ ಒಂದು ಕಂಬ ಬಂತು ಅಂತಾಯಿತು! ಆರ್ಕೇಯಿಕ್ ಕಾಲದಲ್ಲಿ ನಿಯಮಗಳು ಇನ್ನೂ ಗಟ್ಟಿಯಾಗಿರಲಿಲ್ಲ.

ಹೆಜ್ಜೆ 3: ನೆಲದಿಂದ ಕಂಬದ ನೆತ್ತಿಗೆ

ಪಾರ್ಥೆನಾನ್ ಫೋಟೊ ಮುಂದಿಟ್ಟುಕೊಳ್ಳಿ. ಕಟ್ಟಿದ್ದು ಕ್ರಿ.ಪೂ. 447ರಿಂದ 432ರ ನಡುವೆ. ವಾಸ್ತುಶಿಲ್ಪಿಗಳು ಇಕ್ಟಿನೋಸ್ ಮತ್ತು ಕಲ್ಲಿಕ್ರಾಟೆಸ್. ಶಿಲ್ಪದ ಹೊಣೆ ಫಿಡಿಯಾಸ್‌ನದು. ಕಲ್ಲು ಹತ್ತಿರದ ಪೆಂಟೆಲಿಕಾನ್ ಬೆಟ್ಟದ ಅಮೃತಶಿಲೆ.

ಕೆಳಗೆ ಮೂರು ದೊಡ್ಡ ಮೆಟ್ಟಿಲುಗಳಿವೆ. ಒಟ್ಟಾಗಿ ಕ್ರೆಪಿಡೋಮ. ಮೇಲಿನ ಮೆಟ್ಟಿಲಿಗೆ ಮಾತ್ರ ಬೇರೆ ಹೆಸರು, ಸ್ಟೈಲೊಬೇಟ್. ಕಂಬಗಳು ನಿಂತಿರುವುದು ಅದರ ಮೇಲೆ. ಇವು ಕಾಲಿಟ್ಟು ಹತ್ತಲು ಮಾಡಿದ ಮೆಟ್ಟಿಲಲ್ಲ, ಎತ್ತರ ಜಾಸ್ತಿ. ಹತ್ತುವ ಜಾಗದಲ್ಲಿ ಬೇರೆ ಸಣ್ಣ ಮೆಟ್ಟಿಲನ್ನೋ ಇಳಿಜಾರನ್ನೋ ಇಡುತ್ತಿದ್ದರು.

ಸ್ಟೈಲೊಬೇಟ್‌ನ ಒಂದು ತುದಿಯಲ್ಲಿ ಬಗ್ಗಿ ಇನ್ನೊಂದು ತುದಿಯ ಕಡೆಗೆ ನೋಡಿದರೆ ನೆಲ ಸಪಾಟಾಗಿಲ್ಲ ಅಂತ ತಿಳಿಯುತ್ತದೆ. ಉದ್ದದ ಬದಿಯಲ್ಲಿ ನಡುಭಾಗ ಸುಮಾರು 11 ಸೆಂ.ಮೀ. ಉಬ್ಬಿದೆ. ಅಗಲದ ಬದಿಯಲ್ಲಿ ಸುಮಾರು 6 ಸೆಂ.ಮೀ. ಕಂಬಗಳೂ ಸ್ವಲ್ಪ ಒಳಕ್ಕೆ ವಾಲಿವೆ. ಮೂಲೆಯವು ಉಳಿದವಕ್ಕಿಂತ ತುಸು ದಪ್ಪ. ಕಣ್ಣಿಗೆ ನೇರವಾಗಿ ಕಾಣಲಿ ಎಂದು ಮಾಡಿದ್ದೋ, ಮಳೆನೀರು ಹರಿದುಹೋಗಲಿ ಎಂದೋ, ಎರಡೂ ಇರಬಹುದೋ, ಅದರ ಬಗ್ಗೆ ವಾದ ಇದೆ. ಒಂದು ಮಾತಂತೂ ನಿಜ. ನೆಲ ಬಾಗಿದ್ದರೆ ಅದರ ಮೇಲಿನ ಪ್ರತಿ ಕಲ್ಲನ್ನೂ ಅದಕ್ಕೆ ಹೊಂದುವಂತೆ ಬೇರೆಬೇರೆಯಾಗಿ ಕಡೆಯಬೇಕು. ಆ ಕೆಲಸ ಎಷ್ಟು ಅಂತ ಕಲ್ಲುಕುಟಿಗರಿಗೇ ಗೊತ್ತು.

ಕಂಬದ ನಡುಭಾಗ ಶಾಫ್ಟ್. ಇದು ಒಂದೇ ಕಲ್ಲಲ್ಲ. ಒಂದರ ಮೇಲೊಂದು ಇಟ್ಟ ದುಂಡು ಕಲ್ಲುಗಳು, ಇವಕ್ಕೆ ಡ್ರಮ್ ಎನ್ನುತ್ತಾರೆ. ಮೇಲಿಂದ ಕೆಳಗೆ ಕೊರೆದ ತೋಡುಗಳು ಫ್ಲೂಟ್. ಕಂಬದ ಬದಿಗೆರೆ ನೇರವಾಗಿ ಕಿರಿದಾಗದೆ ನಡುವೆ ಸ್ವಲ್ಪ ಉಬ್ಬುತ್ತದಲ್ಲ, ಅದು ಎಂಟಾಸಿಸ್. ಪಾರ್ಥೆನಾನ್‌ನಲ್ಲಿ ಅದು ಇದೆಯೋ ಇಲ್ಲವೋ ಅನ್ನುವಷ್ಟು ನಯ. ಪೇಸ್ಟಮ್‌ನ ಹೇರಾ ದೇವಸ್ಥಾನದಲ್ಲಿ ದೂರದಿಂದಲೇ ಕಾಣುವಷ್ಟು ದಪ್ಪ.

ಫ್ಲೂಟ್ ಯಾವಾಗ ಕೊರೆಯುತ್ತಿದ್ದರು? ಇದಕ್ಕೆ ಉತ್ತರ ಸಿಸಿಲಿಯ ಸೆಜೆಸ್ತಾದಲ್ಲಿದೆ. ಕ್ರಿ.ಪೂ. 5ನೆಯ ಶತಮಾನದ ಕೊನೆಯ ಭಾಗದಲ್ಲಿ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ ದೇವಸ್ಥಾನ ಅದು. ಕಂಬಗಳು ನಿಂತಿವೆ, ತೊಲೆಗಳೂ ಕೂತಿವೆ, ಆದರೆ ಕಂಬಗಳ ಮೈ ಬೋಳು. ಒಂದು ಫ್ಲೂಟೂ ಇಲ್ಲ. ಮೆಟ್ಟಿಲಿನ ಕಲ್ಲುಗಳ ಮೈಮೇಲೆ ಅಲ್ಲಲ್ಲಿ ಗುಬುಟುಗಳು ಹಾಗೇ ಉಳಿದಿವೆ. ಕಲ್ಲು ಎತ್ತುವಾಗ ಹಗ್ಗ ಸಿಕ್ಕಿಸಲು ಬಿಟ್ಟ ಮೊಳೆಗಲ್ಲುಗಳು ಅವು, ಬಾಸ್ ಅಂತ ಹೆಸರು. ಕೆಲಸ ಮುಗಿದಿದ್ದರೆ ಅವನ್ನು ಕೆತ್ತಿ ತೆಗೆಯುತ್ತಿದ್ದರು. ಅಂದರೆ ಕಂಬ ನಿಲ್ಲಿಸಿದ ಮೇಲೆಯೇ ಫ್ಲೂಟ್ ಕೊರೆಯುವುದು, ಕೊನೆಗೆ ಮೈ ನಯಮಾಡುವುದು. ಮುಗಿದ ಕಟ್ಟಡಗಳಿಗಿಂತ ಈ ಮುಗಿಯದ ಕಟ್ಟಡವೇ ಕೆಲಸದ ಕ್ರಮವನ್ನು ಚೆನ್ನಾಗಿ ಕಲಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅದರ ಫೋಟೊವನ್ನೂ ಹುಡುಕಿ ಇಟ್ಟುಕೊಳ್ಳಿ.

ಕಂಬದ ನೆತ್ತಿಯ ಬೋದಿಗೆಗೆ ಕ್ಯಾಪಿಟಲ್ ಎಂದು ಹೆಸರು. ಪಾರ್ಥೆನಾನ್‌ನದು ಡೋರಿಕ್ ಬೋದಿಗೆ. ಎರಡೇ ಭಾಗ. ಕೆಳಗೆ ದುಂಡಗೆ ಅಗಲವಾಗುತ್ತಾ ಹೋಗುವುದು ಎಕೈನಸ್. ಅದರ ಮೇಲೆ ಕೂತ ಚೌಕ ಹಲಗೆ ಅಬಾಕಸ್. ಕೆಲಸ ಏನು? ಮೇಲಿನ ತೊಲೆಯ ಭಾರವನ್ನು ಅಗಲದಲ್ಲಿ ಹಿಡಿದು ಸಣ್ಣ ಕಂಬಕ್ಕೆ ಇಳಿಸುವುದು.

ಹೆಜ್ಜೆ 4: ಕಂಬದ ಮೇಲಿನ ಮೂರು ಪಟ್ಟಿ, ಮತ್ತು ಮೂಲೆಯ ತಲೆನೋವು

ಕಂಬಗಳ ಮೇಲೆ, ಮಾಡಿನ ಕೆಳಗೆ ಇರುವ ಇಡೀ ಭಾಗ ಎಂಟಾಬ್ಲೇಚರ್. ಅದರಲ್ಲಿ ಮೂರು ಪಟ್ಟಿ. ಕೆಳಗಿನದು ಆರ್ಕಿಟ್ರೇವ್, ಕಂಬದಿಂದ ಕಂಬಕ್ಕೆ ಹಾಸಿದ ತೊಲೆ. ನಡುವಿನದು ಫ್ರೀಜ್. ಮೇಲೆ ಹೊರಕ್ಕೆ ಚಾಚಿರುವುದು ಕಾರ್ನಿಸ್, ಮಳೆನೀರು ಗೋಡೆಗೆ ಬೀಳದಂತೆ ತಡೆಯುವುದು.

ಡೋರಿಕ್ ಫ್ರೀಜ್‌ನಲ್ಲಿ ಎರಡು ಬಗೆಯ ಕಲ್ಲುಗಳು ಒಂದಾದಮೇಲೊಂದು ಬರುತ್ತವೆ. ಉದ್ದುದ್ದ ಗೀರುಗಳಿರುವುದು ಟ್ರೈಗ್ಲಿಫ್. ಅದರ ಪಕ್ಕದ ಚಪ್ಪಟೆ ಹಲಗೆ ಮೆಟೋಪ್. ಮೆಟೋಪ್ ಖಾಲಿ ಇರಬಹುದು, ಬಣ್ಣ ಬಳಿದಿರಬಹುದು, ಶಿಲ್ಪ ಇರಬಹುದು. ಪ್ರತಿ ಟ್ರೈಗ್ಲಿಫ್‌ನ ಕೆಳಗೆ ಸಣ್ಣ ಸಣ್ಣ ಮೊಳೆಗಳು ನೇತಾಡುವ ಹಾಗೆ ಕಾಣುತ್ತವೆ, ಅವು ಗುಟ್ಟೇ.

ಇದೆಲ್ಲ ಯಾಕೆ ಹೀಗಿದೆ? ಕ್ರಿ.ಪೂ. 1ನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಹೇಳುವ ಪ್ರಕಾರ, ಇವು ಮರದ ಕಟ್ಟಡದ ನೆನಪುಗಳು. ಟ್ರೈಗ್ಲಿಫ್ ಇದ್ದ ಜಾಗದಲ್ಲಿ ಹಿಂದೆ ಮರದ ತೊಲೆಯ ತುದಿ, ಅದನ್ನು ಮುಚ್ಚಿದ ಹಲಗೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ. ಆದರೆ ಮರದಿಂದ ಕಲ್ಲಿಗೆ ಬಂದ ಕಟ್ಟಡಗಳು ಇದ್ದದ್ದಂತೂ ಹೌದು. ಒಲಿಂಪಿಯಾದ ಹೇರಾ ದೇವಸ್ಥಾನದಲ್ಲಿ ಮರದ ಕಂಬಗಳನ್ನು ಒಂದೊಂದಾಗಿ ತೆಗೆದು ಕಲ್ಲಿನದನ್ನು ಇಡುತ್ತಾ ಹೋದರು. ಆಗಾಗ ಇಟ್ಟದ್ದರಿಂದ ಒಂದರ ಬೋದಿಗೆಯಂತೆ ಇನ್ನೊಂದರದ್ದಿಲ್ಲ. ಕ್ರಿ.ಶ. 2ನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಪೌಸಾನಿಯಸ್ ಎಂಬ ಯಾತ್ರಿಕ, ಹಿಂದಿನ ಮೊಗಸಾಲೆಯಲ್ಲಿ ಒಂದು ಓಕ್ ಮರದ ಕಂಬ ಇನ್ನೂ ಇತ್ತು ಎಂದು ಬರೆದಿದ್ದಾನೆ.

ಈಗ ತಲೆನೋವಿನ ವಿಷಯ. ಪೆನ್ಸಿಲ್ ತೆಗೆದುಕೊಳ್ಳಿ, ಇದನ್ನು ಬರೆದರೇ ಅರ್ಥವಾಗುವುದು. ನಿಯಮ ಒಂದು: ಪ್ರತಿ ಕಂಬದ ನಡುಮಧ್ಯಕ್ಕೆ ಸರಿಯಾಗಿ ಮೇಲೊಂದು ಟ್ರೈಗ್ಲಿಫ್ ಇರಬೇಕು. ಎರಡು ಕಂಬಗಳ ನಡುವಿನ ಜಾಗದ ಮೇಲೂ ಒಂದು. ನಿಯಮ ಎರಡು: ಮೂಲೆಯಲ್ಲಿ ಎರಡು ಬದಿಯ ಟ್ರೈಗ್ಲಿಫ್‌ಗಳು ಅಂಚಿಗೆ ಅಂಚು ಸೇರಬೇಕು. ಮೂಲೆಯ ಕಂಬ ಬರೆದು ಅದರ ನಡುಮಧ್ಯಕ್ಕೆ ಟ್ರೈಗ್ಲಿಫ್ ಇಡಿ. ಕೆಳಗಿನ ತೊಲೆ ಟ್ರೈಗ್ಲಿಫ್‌ಗಿಂತ ದಪ್ಪ ಇರುವುದರಿಂದ ಮೂಲೆಯಲ್ಲಿ ಒಂದಿಷ್ಟು ಜಾಗ ಖಾಲಿ ಉಳಿಯುತ್ತದೆ. ಟ್ರೈಗ್ಲಿಫನ್ನು ಮೂಲೆಗೆ ತಳ್ಳಿದರೆ ಕಂಬದ ನಡುಮಧ್ಯ ತಪ್ಪುತ್ತದೆ, ಜೊತೆಗೆ ಕೊನೆಯ ಮೆಟೋಪ್ ಉಳಿದವಕ್ಕಿಂತ ಅಗಲವಾಗುತ್ತದೆ. ಎರಡು ನಿಯಮ ಒಟ್ಟಿಗೆ ನಡೆಯುವುದೇ ಇಲ್ಲ.

ಗ್ರೀಕರು ಕಂಡುಕೊಂಡ ಉಪಾಯ ಏನೆಂದರೆ, ಟ್ರೈಗ್ಲಿಫನ್ನು ಮೂಲೆಗೇ ತಳ್ಳಿ, ಮೂಲೆಯ ಕಂಬವನ್ನು ಪಕ್ಕದ ಕಂಬದ ಕಡೆಗೆ ಒಂದಿಷ್ಟು ಸರಿಸುವುದು. ಪಾರ್ಥೆನಾನ್ ಫೋಟೊದಲ್ಲಿ ಕೊನೆಯ ಎರಡು ಕಂಬಗಳ ನಡುವಿನ ಜಾಗವನ್ನೂ ನಡುವಿನ ಜಾಗವನ್ನೂ ಹೋಲಿಸಿ ನೋಡಿ. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ವಿಟ್ರೂವಿಯಸ್ ಇಷ್ಟೆಲ್ಲ ತಲೆಕೆಡಿಸಿಕೊಳ್ಳಲಿಲ್ಲ. ಮೂಲೆಯಲ್ಲಿ ಅರ್ಧ ಮೆಟೋಪ್ ಇಟ್ಟುಬಿಡಿ ಎಂದ. ಡೋರಿಕ್ ಶೈಲಿಯ ಕಟ್ಟಡವೊಂದರ ಮೂಲೆಯಲ್ಲಿ ತುಂಡು ಮೆಟೋಪ್ ಕಂಡರೆ ಅದು ಗ್ರೀಕರ ಕೈಯಲ್ಲ, ವಿಟ್ರೂವಿಯಸ್‌ನ ಪಾಠ ಓದಿದವರ ಕೈ ಎಂದು ಊಹಿಸಬಹುದು.

ಹೆಜ್ಜೆ 5: ಆರ್ಡರ್ ಗುರುತಿಸುವುದು

ಕಂಬ, ಬೋದಿಗೆ, ಎಂಟಾಬ್ಲೇಚರ್ ಮೂರೂ ಸೇರಿದ ಒಂದು ಕಟ್ಟಳೆಗೆ ಆರ್ಡರ್ ಎಂದು ಹೆಸರು. ಬೋದಿಗೆ ನೋಡಿ ಹೇಳುವುದು ಸುಲಭ, ಆದರೆ ಕಟ್ಟಡ ಮುರಿದು ಬೋದಿಗೆ ಬಿದ್ದುಹೋಗಿದ್ದರೆ? ಅದಕ್ಕೇ ಮೂರು ಕಡೆ ನೋಡುವ ಅಭ್ಯಾಸ ಮಾಡಿಕೊಳ್ಳಿ: ಪಾದ, ಫ್ಲೂಟ್, ಫ್ರೀಜ್.

ಡೋರಿಕ್‌ಗೆ ಪಾದ ಇಲ್ಲ. ಕಂಬ ನೇರವಾಗಿ ಸ್ಟೈಲೊಬೇಟ್ ಮೇಲೆ ನಿಂತಿರುತ್ತದೆ. ಫ್ಲೂಟ್ ಸಾಮಾನ್ಯವಾಗಿ 20, ಒಂದಕ್ಕೊಂದು ಚೂಪಾದ ಅಂಚಿನಲ್ಲಿ ಸೇರುತ್ತವೆ. ಫ್ರೀಜ್‌ನಲ್ಲಿ ಟ್ರೈಗ್ಲಿಫ್, ಮೆಟೋಪ್.

ಅಯೋನಿಕ್‌ಗೆ ಕೆಳಗೆ ದುಂಡು ಬಳೆಗಳಿರುವ ಪಾದ ಇದೆ. ಫ್ಲೂಟ್ ಸಾಮಾನ್ಯವಾಗಿ 24. ಎರಡು ಫ್ಲೂಟ್‌ಗಳ ನಡುವೆ ಸಪಾಟಾದ ಸಣ್ಣ ಪಟ್ಟಿ, ಅದು ಫಿಲೆಟ್. ಬೋದಿಗೆಯ ಎರಡೂ ಬದಿಗೆ ಸುರುಳಿ, ಅದೇ ವೊಲ್ಯೂಟ್. ಫ್ರೀಜ್ ತುಂಡುತುಂಡಲ್ಲ, ಒಂದೇ ಉದ್ದ ಪಟ್ಟಿ. ಕಾರ್ನಿಸ್ ಕೆಳಗೆ ಸಾಲು ಹಲ್ಲುಗಳಿದ್ದರೆ ಅವು ಡೆಂಟಿಲ್.

ಕೊರಿಂಥಿಯನ್‌ನಲ್ಲಿ ಉಳಿದದ್ದೆಲ್ಲ ಹೆಚ್ಚುಕಡಿಮೆ ಅಯೋನಿಕ್‌ನಂತೆಯೇ. ಬೋದಿಗೆ ಮಾತ್ರ ಅಕಾಂಥಸ್ ಗಿಡದ ಎಲೆಗಳದ್ದು. ಸತ್ತ ಹುಡುಗಿಯೊಬ್ಬಳ ಸಮಾಧಿಯ ಮೇಲೆ ಇಟ್ಟ ಬುಟ್ಟಿಯ ಸುತ್ತ ಆ ಗಿಡ ಬೆಳೆದದ್ದನ್ನು ನೋಡಿ ಕಲ್ಲಿಮಾಕೋಸ್ ಎಂಬ ಶಿಲ್ಪಿ ಇದನ್ನು ಮಾಡಿದ ಎಂದು ವಿಟ್ರೂವಿಯಸ್ ಕಥೆ ಹೇಳುತ್ತಾನೆ. ಕಥೆ ಚೆನ್ನಾಗಿದೆ, ನಂಬಲೇಬೇಕೆಂದಿಲ್ಲ. ನಮಗೆ ತಿಳಿದ ಅತಿ ಹಳೆಯ ಕೊರಿಂಥಿಯನ್ ಬೋದಿಗೆ ಇದ್ದದ್ದು ಗ್ರೀಸ್ ದೇಶದ ಬಸ್ಸೈಯ ಅಪೋಲೊ ದೇವಸ್ಥಾನದ ಒಳಗೆ. ಗ್ರೀಕರು ಇದನ್ನು ಕಡಿಮೆ ಬಳಸಿದರು. ರೋಮನ್ನರಿಗೆ ಇದೆಂದರೆ ಪ್ರಾಣ.

ರೋಮನ್ನರು ಇನ್ನೆರಡು ಸೇರಿಸಿದರು. ಟಸ್ಕನ್: ಫ್ಲೂಟ್ ಇಲ್ಲ, ಪಾದ ಇದೆ, ಬಹಳ ಸರಳ. ಕಾಂಪೋಸಿಟ್: ಕೆಳಗೆ ಎಲೆ, ಮೇಲೆ ಸುರುಳಿ. ರೋಮ್‌ನ ಟೈಟಸ್ ಕಮಾನಿನಲ್ಲಿ ನೋಡಬಹುದು.

ಒಂದೇ ಕಟ್ಟಡದಲ್ಲಿ ಒಂದೇ ಆರ್ಡರ್ ಇರಬೇಕು ಅಂದುಕೊಂಡರೆ ಪಾರ್ಥೆನಾನ್‌ನಲ್ಲೇ ಸಿಕ್ಕಿಬೀಳುತ್ತೀರಿ. ಹೊರಗೆಲ್ಲ ಡೋರಿಕ್. ಒಳಕೋಣೆಯ ಹೊರಗೋಡೆಯ ನೆತ್ತಿಯಲ್ಲಿ ಮಾತ್ರ ಸುಮಾರು 160 ಮೀಟರ್ ಉದ್ದದ ಅಯೋನಿಕ್ ಫ್ರೀಜ್.

ಹೆಜ್ಜೆ 6: ಶಿಲ್ಪ ಎಲ್ಲಿ ಕೂತಿದೆ?

ಮಾಡಿನ ತುದಿಯ ತ್ರಿಕೋನ ಪೆಡಿಮೆಂಟ್. ಅದರ ಹಿಂಗೋಡೆ ಟಿಂಪನಮ್. ಮಾಡಿನ ಮೂಲೆ ಮತ್ತು ನೆತ್ತಿಯ ಮೇಲೆ ನಿಲ್ಲಿಸಿದ ಅಲಂಕಾರ ಅಕ್ರೊಟೀರಿಯನ್. ಪೆಡಿಮೆಂಟ್‌ನಲ್ಲಿ ಶಿಲ್ಪಿಗೆ ದೊಡ್ಡ ಕಷ್ಟ. ನಡುವೆ ಎತ್ತರ, ಮೂಲೆಯಲ್ಲಿ ಜಾಗವೇ ಇಲ್ಲ. ಪಾರ್ಥೆನಾನ್‌ನ ಪೂರ್ವದ ಪೆಡಿಮೆಂಟ್‌ನಲ್ಲಿ ಅಥೀನಾ ದೇವತೆಯ ಹುಟ್ಟು. ಒಂದು ಮೂಲೆಯಲ್ಲಿ ಸೂರ್ಯನ ಕುದುರೆಗಳು ಮೇಲೇಳುತ್ತಿವೆ, ಇನ್ನೊಂದರಲ್ಲಿ ಚಂದ್ರನ ಕುದುರೆ ದಣಿದು ಮುಳುಗುತ್ತಿದೆ. ತಲೆ ಮಾತ್ರ ಕಂಡರೆ ಸಾಕು, ಜಾಗದ ಕಷ್ಟವೂ ತೀರಿತು, ಕಥೆಯ ಹೊತ್ತೂ ತಿಳಿಯಿತು.

ಮೆಟೋಪ್‌ಗಳು ಒಟ್ಟು 92. ದಕ್ಷಿಣದವುಗಳಲ್ಲಿ ಮನುಷ್ಯರಿಗೂ ಕುದುರೆಮೈಯ ಸೆಂಟಾರ್‌ಗಳಿಗೂ ಜಗಳ. ಚೌಕ ಜಾಗಕ್ಕೆ ಇಬ್ಬರ ಕಾದಾಟ ಸರಿಯಾಗಿ ಹಿಡಿಸುತ್ತದೆ. ಉದ್ದ ಫ್ರೀಜ್‌ಗೆ ಮೆರವಣಿಗೆ. ಮೆಟೋಪ್‌ನಲ್ಲಿ ಶಿಲ್ಪ ಹಿನ್ನೆಲೆಯಿಂದ ಜಾಸ್ತಿ ಹೊರಬಂದಿದೆ, ಅದು ಹೈ ರಿಲೀಫ್. ಫ್ರೀಜ್‌ನಲ್ಲಿ ಕೆಲವೇ ಸೆಂ.ಮೀ., ಅದು ಲೋ ರಿಲೀಫ್.

ಕಂಬದ ಬದಲು ಹೆಂಗಸಿನ ಪ್ರತಿಮೆಯೇ ಭಾರ ಹೊತ್ತಿದ್ದರೆ ಕ್ಯಾರಿಯಾಟಿಡ್. ಪಾರ್ಥೆನಾನ್ ಪಕ್ಕದ ಎರೆಕ್ಥಿಯಾನ್‌ನಲ್ಲಿ ಆರು ಜನ ಇದ್ದರು. ಒಬ್ಬಳು ಈಗ ಲಂಡನ್‌ನ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿದ್ದಾಳೆ. ಉಳಿದ ಮೂಲಪ್ರತಿಮೆಗಳು ಅಥೆನ್ಸ್‌ನ ಮ್ಯೂಸಿಯಮ್‌ನಲ್ಲಿವೆ, ಬಯಲಲ್ಲಿ ನಿಂತಿರುವುದು ನಕಲು.

ಇವೆಲ್ಲ ಬಿಳಿ ಕಲ್ಲಲ್ವಾ ಅಂದರೆ, ಈಗ ಹೌದು. ಆಗ ಬಣ್ಣ ಬಳಿದಿದ್ದರು. ಟ್ರೈಗ್ಲಿಫ್‌ಗಳಿಗೆ ಸಾಮಾನ್ಯವಾಗಿ ನೀಲಿ. ಶಿಲ್ಪದ ಕಣ್ಣು, ತುಟಿ, ಬಟ್ಟೆಯ ಅಂಚಿಗೂ ಬಣ್ಣ. ಇದಕ್ಕೆ ಪಾಲಿಕ್ರೋಮಿ ಎನ್ನುತ್ತಾರೆ.

ಹೆಜ್ಜೆ 7: ರೋಮ್‌ಗೆ ಬನ್ನಿ, ಪ್ರಶ್ನೆ ಅದೇ

ಕೊಲೋಸಿಯಮ್ ಫೋಟೊ ತೆಗೆಯಿರಿ. ಚಕ್ರವರ್ತಿ ವೆಸ್ಪೇಸಿಯನ್ ಶುರುಮಾಡಿಸಿ, ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ ಕಟ್ಟಡ. ಹೊರಮೈಯಲ್ಲಿ ಅಂತಸ್ತಿಗೊಂದು ಆರ್ಡರ್. ಕೆಳಗೆ ಟಸ್ಕನ್, ಅದರ ಮೇಲೆ ಅಯೋನಿಕ್, ಮೂರನೆಯದರಲ್ಲಿ ಕೊರಿಂಥಿಯನ್. ಈಗ ಕೇಳಿ: ಈ ಕಂಬಗಳು ಭಾರ ಹೊತ್ತಿವೆಯಾ?

ಇಲ್ಲ. ಗೋಡೆಗೆ ಅರ್ಧ ಅಂಟಿಕೊಂಡು ನಿಂತಿವೆ ಅಷ್ಟೆ. ಇಂಥದಕ್ಕೆ ಎಂಗೇಜ್ಡ್ ಕಾಲಮ್ ಎನ್ನುತ್ತಾರೆ. ನಾಲ್ಕನೆಯ ಅಂತಸ್ತಿನಲ್ಲಿ ಅದೂ ಚಪ್ಪಟೆಯಾಗಿ ಪಿಲಾಸ್ಟರ್ ಆಗಿದೆ. ನಿಜವಾಗಿ ಭಾರ ಹೊತ್ತಿರುವುದು ಹಿಂದಿರುವ ದಪ್ಪ ಕಂಬಗೋಡೆಗಳು, ಅಂದರೆ ಪಿಯರ್‌ಗಳು, ಮತ್ತು ಅವುಗಳ ಮೇಲಿನ ಕಮಾನುಗಳು. ಗ್ರೀಕರ ಕಂಬ ತೆಗೆದರೆ ಕಟ್ಟಡ ಬೀಳುತ್ತದೆ. ಕೊಲೋಸಿಯಮ್‌ನ ಕಂಬ ಕೆತ್ತಿ ತೆಗೆದರೆ ಅಂದ ಹೋಗುತ್ತದೆ, ಕಟ್ಟಡ ನಿಂತಿರುತ್ತದೆ.

ಕಮಾನು ಬರೆಯಿರಿ. ಬೆಣೆಯಾಕಾರದ ಕಲ್ಲುಗಳು ವೂಸ್ವಾರ್. ನೆತ್ತಿಯದು ಕೀಸ್ಟೋನ್. ಕಮಾನು ಶುರುವಾಗುವ ಜಾಗದ ಕಲ್ಲು ಇಂಪೋಸ್ಟ್. ಎರಡು ಕಮಾನುಗಳ ನಡುವೆ ಉಳಿಯುವ ತ್ರಿಕೋನದಂಥ ಜಾಗ ಸ್ಪಾಂಡ್ರೆಲ್. ಕಲ್ಲುಗಳೆಲ್ಲ ಕೂರುವ ತನಕ ಕೆಳಗಿನಿಂದ ಆಧಾರ ಕೊಡುವ ಮರದ ಚೌಕಟ್ಟು ಸೆಂಟರಿಂಗ್. ನಮ್ಮ ಮನೆ ಕಟ್ಟುವ ಮೇಸ್ತ್ರಿಗಳೂ ಇದೇ ಪದ ಬಳಸುತ್ತಾರೆ.

ವಿಜಯದ ಕಮಾನುಗಳ ನೆತ್ತಿಯಲ್ಲಿ ಶಾಸನ ಬರೆಯುವ ಎತ್ತರದ ಭಾಗ ಆಟಿಕ್. ಹಳೆಯ ಕಟ್ಟಡದಿಂದ ಕಿತ್ತು ತಂದು ಕೂರಿಸಿದ ಕಲ್ಲುಗಳಿಗೆ ಸ್ಪೋಲಿಯಾ ಎನ್ನುತ್ತಾರೆ. ಕ್ರಿ.ಶ. 315ರ ಕಾನ್‌ಸ್ಟಂಟೈನ್ ಕಮಾನಿನಲ್ಲಿ ಹಿಂದಿನ ಚಕ್ರವರ್ತಿಗಳಾದ ಟ್ರೇಜನ್, ಹೇಡ್ರಿಯನ್, ಮಾರ್ಕಸ್ ಔರೇಲಿಯಸ್ ಕಾಲದ ಶಿಲ್ಪಗಳೆಲ್ಲ ಬಂದು ಕೂತಿವೆ.

ಹೆಜ್ಜೆ 8: ಕಮಾನಿನಿಂದ ಗುಮ್ಮಟಕ್ಕೆ

ಕಮಾನನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಬ್ಯಾರೆಲ್ ವಾಲ್ಟ್. ಅಂಥ ಎರಡು ಅಡ್ಡಡ್ಡ ಸೇರಿದರೆ ಗ್ರೋಯಿನ್ ವಾಲ್ಟ್. ಕಮಾನನ್ನು ನಿಂತಲ್ಲೇ ಒಂದು ಸುತ್ತು ತಿರುಗಿಸಿದರೆ ಗುಮ್ಮಟ. ಇಷ್ಟು ತಿಳಿದರೆ ಉಳಿದದ್ದು ಪ್ಯಾಂಥಿಯನ್‌ನಲ್ಲೇ ಕಲಿಯಬಹುದು.

ಅದರ ಮುಂದುಗಡೆ ಮಾರ್ಕಸ್ ಅಗ್ರಿಪ್ಪ ಕಟ್ಟಿಸಿದ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಆದರೆ ಈಗಿರುವುದು ಅವನು ಕಟ್ಟಿಸಿದ್ದಲ್ಲ. ಅವನದು ಹೋಗಿ, ಕ್ರಿ.ಶ. 2ನೆಯ ಶತಮಾನದ ಆರಂಭದಲ್ಲಿ ಕಟ್ಟಿದ್ದು ಇದು, ಮುಗಿದದ್ದು ಹೇಡ್ರಿಯನ್ ಕಾಲದಲ್ಲಿ. ಹಳೆಯವನ ಹೆಸರನ್ನೇ ಹಾಕಿಸಿದರು. ಶಾಸನ ನೋಡಿದ ತಕ್ಷಣ ಕಾಲ ನಿರ್ಧರಿಸಬೇಡಿ.

ಮುಂದಿನ ಮಂಟಪ ಪೋರ್ಟಿಕೊ. ಈಜಿಪ್ಟಿನ ಗ್ರಾನೈಟ್‌ನ 16 ಕಂಬಗಳು, ಡ್ರಮ್ ಅಲ್ಲ, ಒಂದೊಂದೂ ಏಕಶಿಲೆ. ಇಲ್ಲಿ ಕಂಬಗಳು ನಿಜವಾಗಿ ಭಾರ ಹೊತ್ತಿವೆ. ಒಳಗಿನ ದುಂಡು ಭಾಗ ರೊಟುಂಡ. ಗುಮ್ಮಟದ ಅಡ್ಡಳತೆ ಸುಮಾರು 43.3 ಮೀಟರ್, ನೆಲದಿಂದ ನೆತ್ತಿಯ ಎತ್ತರವೂ ಅಷ್ಟೇ. ನೆತ್ತಿಯ ತೆರೆದ ಕಂಡಿ ಆಕ್ಯುಲಸ್, ಸುಮಾರು 9 ಮೀಟರ್ ಅಗಲ. ಮಳೆ ಬಂದರೆ ಒಳಗೇ ಬೀಳುತ್ತದೆ, ನೆಲದಲ್ಲಿ ನೀರು ಹೋಗಲು ತೂತುಗಳಿವೆ. ಗುಮ್ಮಟದ ಒಳಮೈಯಲ್ಲಿ ಸಾಲುಸಾಲಾಗಿ ಇರುವ ಚೌಕ ತಗ್ಗುಗಳು ಕಾಫರ್. ಐದು ಸಾಲು, ಸಾಲಿಗೆ 28.

ಇದಕ್ಕೆ ಉಕ್ಕಿನ ಸರಳಿಲ್ಲ. ಓಪಸ್ ಕೆಮೆಂಟೀಸಿಯಮ್ ಎಂಬ ರೋಮನ್ ಕಾಂಕ್ರೀಟ್. ಸುಣ್ಣಕ್ಕೆ ಪೊಜ್ಜೊಲಾನಾ ಎಂಬ ಜ್ವಾಲಾಮುಖಿ ಬೂದಿ ಬೆರೆಸಿ, ಕಲ್ಲಿನ ಚೂರು ಹಾಕಿದ್ದು. ಜಾಣತನ ಇರುವುದು ಆ ಚೂರಿನಲ್ಲಿ. ಕೆಳಗೆ ಭಾರದ ಕಲ್ಲು, ಮೇಲೆ ಹೋದಂತೆ ಹಗುರ, ನೆತ್ತಿಯ ಹತ್ತಿರ ನೀರಲ್ಲಿ ತೇಲುವಷ್ಟು ಹಗುರದ ಪ್ಯೂಮಿಸ್. ಗುಮ್ಮಟದ ದಪ್ಪವೂ ಬುಡದಲ್ಲಿ ಸುಮಾರು 6 ಮೀಟರ್ ಇದ್ದದ್ದು ಆಕ್ಯುಲಸ್ ಬಳಿ ಒಂದೂಕಾಲು ಮೀಟರ್‌ಗೆ ಇಳಿಯುತ್ತದೆ.

ಹೆಜ್ಜೆ 9: ಊರು ಮತ್ತು ಮನೆ

ಇಲ್ಲಿ ಜೋಡಿ ಜೋಡಿಯಾಗಿ ಕಲಿಯುವುದು ಒಳ್ಳೆಯದು. ಗ್ರೀಕ್ ಊರಿನ ನಡುವಿನ ಬಯಲು ಅಗೋರಾ, ರೋಮನ್ನರದು ಫೋರಮ್. ಅಗೋರಾದ ಅಂಚಿನ ಉದ್ದ ಕಂಬಸಾಲಿನ ಚಾವಡಿ ಸ್ಟೋವಾ. ಫೋರಮ್‌ನಲ್ಲಿ ನ್ಯಾಯ, ವ್ಯಾಪಾರ ನಡೆಯುವ ದೊಡ್ಡ ಹಜಾರ ಬೆಸಿಲಿಕಾ. ಬೆಸಿಲಿಕಾ ಎಂದರೆ ಚರ್ಚ್ ಎಂಬುದು ಆಮೇಲೆ ಬಂದದ್ದು.

ಥಿಯೇಟರ್ ಅರ್ಧ ವೃತ್ತ, ಆಂಫಿಥಿಯೇಟರ್ ಪೂರ್ತಿ ಸುತ್ತು. ಗ್ರೀಕರು ಎಪಿಡೌರಸ್‌ನಲ್ಲಿ ಮಾಡಿದ ಹಾಗೆ ಗುಡ್ಡದ ಇಳಿಜಾರಿನಲ್ಲಿ ಆಸನ ಕೊರೆದರು. ರೋಮನ್ನರಿಗೆ ಕಮಾನು ಇತ್ತು, ಬಯಲಲ್ಲೇ ಗುಡ್ಡ ಎಬ್ಬಿಸಿದರು. ಜನ ಹೊರಗೆ ಹೋಗುವ ಓಣಿಗಳು ವೊಮಿಟೋರಿಯಮ್. ಊಟ ಮಾಡಿ ವಾಂತಿ ಮಾಡುವ ಕೋಣೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ, ಅದು ಸುಳ್ಳು.

ರೋಮನ್ ದೇವಸ್ಥಾನವನ್ನೂ ಗ್ರೀಕರದ್ದರಿಂದ ಬೇರೆ ಮಾಡುವುದು ಸುಲಭ. ಎತ್ತರದ ಪೋಡಿಯಮ್ ಮೇಲೆ ನಿಂತಿರುತ್ತದೆ, ಮೆಟ್ಟಿಲು ಮುಂದುಗಡೆ ಮಾತ್ರ, ಪಕ್ಕದ ಕಂಬಗಳು ಎಷ್ಟೋ ಸಲ ಗೋಡೆಗೆ ಅಂಟಿದವು. ಫ್ರಾನ್ಸ್‌ನ ನೀಮ್ ಊರಿನ ಮೇಸೋನ್ ಕಾರೇ ನೋಡಿ, ಮೂರೂ ಒಟ್ಟಿಗೆ ಸಿಗುತ್ತವೆ.

ಮನೆಗೆ ಡೋಮಸ್ ಎಂದು ಹೆಸರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಲ್ಲಿ ಮುಚ್ಚಿಹೋದ ಪಾಂಪೇಯಿಯಲ್ಲಿ ಇವು ಚೆನ್ನಾಗಿ ಉಳಿದಿವೆ. ತೊಟ್ಟಿಮನೆ ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ. ನಡುವಿನ ಅಂಗಳ ಏಟ್ರಿಯಮ್. ಮಾಡಿನ ನಡುವಿನ ತೆರಪು ಕಾಂಪ್ಲೂವಿಯಮ್. ಅದರ ಕೆಳಗೆ ಮಳೆನೀರು ಬೀಳುವ ತೊಟ್ಟಿ ಇಂಪ್ಲೂವಿಯಮ್. ಅದರ ಹಿಂದೆ ಯಜಮಾನ ಕೂರುವ ಕೋಣೆ ಟ್ಯಾಬ್ಲಿನಮ್, ಊಟದ ಕೋಣೆ ಟ್ರಿಕ್ಲಿನಿಯಮ್, ಮಲಗುವ ಕೋಣೆ ಕ್ಯುಬಿಕ್ಯುಲಮ್. ನೆಲದ ಮೊಸಾಯಿಕ್‌ನ ಒಂದೊಂದು ಚೂರು ಟೆಸೆರಾ. ಅಲೆಕ್ಸಾಂಡರ್ ಯುದ್ಧದ ಮೊಸಾಯಿಕ್‌ನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಟೆಸೆರಾ ಇವೆ ಎಂದು ಅಂದಾಜು. ಹಸಿ ಗಾರೆಯ ಮೇಲೆ ಬರೆದ ಗೋಡೆಚಿತ್ರ ಫ್ರೆಸ್ಕೊ.

ಅಂದಹಾಗೆ, ಪಾಂಪೇಯಿಯ ಒಂದು ಮನೆಯಲ್ಲಿ ಭಾರತದಲ್ಲಿ ಕೆತ್ತಿದ ದಂತದ ಪುಟ್ಟ ಹೆಣ್ಣುಪ್ರತಿಮೆಯೊಂದು 1938ರಲ್ಲಿ ಸಿಕ್ಕಿತು. ಲಕ್ಷ್ಮಿ ಎಂದು ಕರೆದರು, ಯಕ್ಷಿ ಇರಬಹುದು ಎಂದೂ ಹೇಳುತ್ತಾರೆ. ಈಗ ನೇಪಲ್ಸ್‌ನಲ್ಲಿದೆ.

ಹೆಜ್ಜೆ 10: ಪ್ರತಿಮೆಯ ಕಾಲು ನೋಡಿ, ಮುಖ ಆಮೇಲೆ

ಪ್ರತಿಮೆಗೂ ಅದೇ ಪ್ರಶ್ನೆ: ಭಾರ ಎಲ್ಲಿದೆ? ಎರಡೂ ಕಾಲಿನ ಮೇಲೆ ಸಮವಾಗಿದ್ದು, ಎಡಗಾಲು ಮುಂದಿದ್ದು, ಕೈ ಮೈಗೆ ಅಂಟಿದ್ದರೆ ಅದು ಆರ್ಕೇಯಿಕ್ ಕಾಲದ ಕೂರೋಸ್, ಬೆತ್ತಲೆ ಯುವಕ. ಬಟ್ಟೆ ತೊಟ್ಟ ಯುವತಿ ಕೋರೆ. ತುಟಿಯಲ್ಲಿ ಸಣ್ಣ ನಗು, ಆರ್ಕೇಯಿಕ್ ಸ್ಮೈಲ್. ಖುಷಿಗೂ ಅದಕ್ಕೂ ಸಂಬಂಧವಿಲ್ಲ. ಅನವಿಸೋಸ್ ಕೂರೋಸ್ ಯುದ್ಧದಲ್ಲಿ ಸತ್ತ ಕ್ರೋಯಿಸೋಸ್ ಎಂಬವನ ಸಮಾಧಿಯದು, ನಿಂತು ಮರುಗಿ ಎಂದು ಪೀಠದಲ್ಲಿ ಬರೆದಿದೆ, ಅವನೂ ನಗುತ್ತಿದ್ದಾನೆ.

ಭಾರ ಒಂದೇ ಕಾಲಿಗೆ ಬಂದು, ಇನ್ನೊಂದು ಮಂಡಿ ಸಡಿಲವಾಗಿ, ಸೊಂಟ ವಾರೆಯಾಗಿದ್ದರೆ ಕಾಂಟ್ರಪೋಸ್ಟೊ. ಸುಮಾರು ಕ್ರಿ.ಪೂ. 480ರ ಕ್ರಿಟಿಯೋಸ್ ಹುಡುಗ ಎಂಬ ಪ್ರತಿಮೆಯಲ್ಲಿ ಅದು ಶುರುವಾಗುವುದು ಕಾಣುತ್ತದೆ. ನಗು ಅಲ್ಲಿಗೇ ನಿಂತಿತು. ಶಿಲ್ಪಿ ಪಾಲಿಕ್ಲೀಟೋಸ್‌ನ ಡೋರಿಫೋರೋಸ್, ಅಂದರೆ ಈಟಿ ಹಿಡಿದವನು, ಇದರ ಪೂರ್ತಿ ರೂಪ. ಮೈಯ ಭಾಗಗಳ ಅಳತೆಯ ಲೆಕ್ಕಕ್ಕೆ ಕ್ಯಾನನ್ ಎಂದು ಹೆಸರು. ಹೆಲೆನಿಸ್ಟಿಕ್ ಕಾಲಕ್ಕೆ ಬಂದರೆ ಮೈ ತಿರುಚುತ್ತದೆ, ಮುಖ ನೋವಿನಲ್ಲಿ ಕಿವುಚುತ್ತದೆ. 1506ರಲ್ಲಿ ರೋಮ್‌ನಲ್ಲಿ ಸಿಕ್ಕ ಲಾವೋಕೊವಾನ್ ಶಿಲ್ಪ ನೋಡಿ.

ಅಮೃತಶಿಲೆಯ ಯುವಕನ ಕಾಲಿನ ಪಕ್ಕ ಸಂಬಂಧವೇ ಇಲ್ಲದ ಮರದ ಬೊಡ್ಡೆ ಇದೆಯೇ? ಅದು ಸ್ಟ್ರಟ್. ಮೂಲ ಗ್ರೀಕ್ ಪ್ರತಿಮೆ ಕಂಚಿನದು, ಟೊಳ್ಳು, ಒಂಟಿಕಾಲಲ್ಲಿ ನಿಲ್ಲುತ್ತಿತ್ತು. ರೋಮನ್ನರು ಕಲ್ಲಿನಲ್ಲಿ ನಕಲು ಮಾಡಿದಾಗ ಕಣಕಾಲು ಮುರಿಯಬಾರದೆಂದು ಬೊಡ್ಡೆ ಸೇರಿಸಿದರು. ಮೂಲ ಕಂಚುಗಳು ಹೆಚ್ಚಿನವು ಕರಗಿಹೋದವು. ಉಳಿದವು ಎಷ್ಟೋ ಸಮುದ್ರದಲ್ಲಿ ಸಿಕ್ಕವು, 1972ರಲ್ಲಿ ಇಟಲಿಯ ರಿಯಾಚೆಯಲ್ಲಿ ಸಿಕ್ಕ ಇಬ್ಬರು ಯೋಧರ ಹಾಗೆ.

ರೋಮನ್ನರದ್ದೇ ಆದ ಕಲೆ ವ್ಯಕ್ತಿಗಳ ಮುಖಶಿಲ್ಪ. ಸುಕ್ಕು, ಬೋಳುತಲೆ, ಜೋಲು ಗಲ್ಲ ಎಲ್ಲ ತೋರಿಸುವ ರೀತಿ ವೆರಿಸಮ್. ಗಣರಾಜ್ಯದ ಹಿರಿಯರಿಗೆ ಅದೇ ಗೌರವ. ಮೊದಲ ಚಕ್ರವರ್ತಿ ಆಗಸ್ಟಸ್ ಮಾತ್ರ ಎಪ್ಪತ್ತೈದರವರೆಗೆ ಬದುಕಿದರೂ ಪ್ರತಿಮೆಗಳಲ್ಲಿ ಕೊನೆಯವರೆಗೂ ಹುಡುಗನೇ.

ಹೆಜ್ಜೆ 11: ಮಡಕೆಗಳು

ಆಕಾರ ಕೆಲಸದಿಂದ ಬಂದದ್ದು. ಎಣ್ಣೆ, ವೈನ್ ತುಂಬಿಡಲು ಆಂಫೊರಾ. ವೈನ್‌ಗೆ ನೀರು ಬೆರೆಸಲು ಅಗಲ ಬಾಯಿಯ ಕ್ರೇಟರ್. ಕುಡಿಯಲು ಕೈಲಿಕ್ಸ್. ನೀರು ತರಲು ಮೂರು ಹಿಡಿಯ ಹೈಡ್ರಿಯಾ. ಸಮಾಧಿಗೆ ಎಣ್ಣೆ ಒಯ್ಯಲು ಸಪೂರ ಲೆಕಿಥೋಸ್.

ಕೆಂಪು ಮೈಯ ಮೇಲೆ ಕಪ್ಪು ಆಕೃತಿ ಇದ್ದು, ಒಳಗೆರೆಗಳನ್ನು ಚೂಪಿನಿಂದ ಗೀರಿದ್ದರೆ ಬ್ಲ್ಯಾಕ್ ಫಿಗರ್. ಎಕ್ಸೀಕಿಯಾಸ್ ಎಂಬ ಕುಂಬಾರ ಇದರಲ್ಲಿ ಎತ್ತಿದ ಕೈ. ಹಿನ್ನೆಲೆ ಕಪ್ಪಾಗಿ ಆಕೃತಿ ಕೆಂಪಗೆ ಉಳಿದು, ಒಳಗೆರೆಗಳನ್ನು ಕುಂಚದಿಂದ ಬರೆದಿದ್ದರೆ ರೆಡ್ ಫಿಗರ್. ಇದು ಅಥೆನ್ಸ್‌ನಲ್ಲಿ ಸುಮಾರು ಕ್ರಿ.ಪೂ. 530ರ ಹೊತ್ತಿಗೆ ಶುರುವಾಯಿತು. ಕಪ್ಪು ಅನ್ನುವುದು ಬಣ್ಣವಲ್ಲ, ನಯವಾದ ಜೇಡಿಯ ಲೇಪ. ಒಂದೇ ಸುಡುವಿಕೆಯಲ್ಲಿ ಗೂಡಿಗೆ ಗಾಳಿ ಬಿಟ್ಟು, ಮುಚ್ಚಿ, ಮತ್ತೆ ಬಿಟ್ಟು ಕಪ್ಪು ಕೆಂಪು ಎರಡನ್ನೂ ತರುತ್ತಿದ್ದರು.

ಹೆಜ್ಜೆ 12: ಕೈಗೆ ಸಿಕ್ಕ ಕಟ್ಟಡದಲ್ಲಿ ಅಭ್ಯಾಸ

ಅಥೆನ್ಸ್‌ಗೆ ಹೋಗುವ ತನಕ ಕಾಯಬೇಕಿಲ್ಲ. ಗ್ರೀಕ್ ರೋಮನ್ ಮಾದರಿಯನ್ನು ಯುರೋಪಿನವರು ಮತ್ತೆ ಎತ್ತಿಕೊಂಡರು, ಬ್ರಿಟಿಷರ ಕಾಲದಲ್ಲಿ ಅದು ಇಲ್ಲಿಗೂ ಬಂತು. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ಅಠಾರಾ ಕಚೇರಿ, ಈಗಿನ ಹೈಕೋರ್ಟ್, 1868ರಲ್ಲಿ ಮುಗಿದದ್ದು. ಅದರ ಮುಖಮಂಟಪಗಳು ಅಯೋನಿಕ್. ಮೈಸೂರಿನ ಲಲಿತಮಹಲ್‌ನಲ್ಲಿ ಜೋಡಿ ಅಯೋನಿಕ್ ಕಂಬಗಳಿವೆ. ರಸ್ತೆಯಿಂದಲೇ ನಿಂತು ನೋಡಿದರೂ ಆಗುತ್ತದೆ.

ಕ್ರಮ ಹೀಗಿರಲಿ. ಮೊದಲು ಪಾದ ಇದೆಯೇ ನೋಡಿ. ಆಮೇಲೆ ಫ್ಲೂಟ್ ಇದೆಯೋ, ಮೈ ಬೋಳೋ. ಇದ್ದರೆ ನಡುವೆ ಚೂಪು ಅಂಚೋ, ಫಿಲೆಟ್ಟೋ. ಬೋದಿಗೆಗೆ ಈಗ ಬನ್ನಿ. ಅಲ್ಲಿಂದ ಆರ್ಕಿಟ್ರೇವ್, ಫ್ರೀಜ್, ಕಾರ್ನಿಸ್, ಹಲ್ಲುಸಾಲು ಇದೆಯೇ. ಮೇಲೆ ತ್ರಿಕೋನ ಇದ್ದರೆ ಟಿಂಪನಮ್‌ನಲ್ಲಿ ಏನಾದರೂ ಇದೆಯೇ. ಕೊನೆಗೆ ಕಂಬದ ಹಿಂದೆ ಗೋಡೆ ಅಂಟಿದೆಯೋ, ನಡುವೆ ಜಾಗ ಇದೆಯೋ ನೋಡಿ. ಅಂಟಿದ್ದರೆ ಹಾಳೆಯಲ್ಲಿ ಅದರ ಪಕ್ಕ ಎಂಗೇಜ್ಡ್ ಎಂದು ಬರೆಯಿರಿ, ಚಪ್ಪಟೆ ಇದ್ದರೆ ಪಿಲಾಸ್ಟರ್. ಗೊತ್ತಾಗದ ಭಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಫೋಟೊ ತೆಗೆದುಕೊಂಡು ಬಂದು ಮನೆಯಲ್ಲಿ ಪಾರ್ಥೆನಾನ್ ಫೋಟೊ ಪಕ್ಕ ಇಟ್ಟು ನೋಡಿ.